15 ರೂಪಾಯಿಯ ದೀಪ, 35 ರೂಪಾಯಿಯ ಸೆಲ್

ಬ್ಯಾಟರಿಯಿಂದ ಉರಿಯುವ ಮೇಣದಬತ್ತಿಗಳಲ್ಲಿ ಅತಿ ಚಿಕ್ಕದು ಬಟ್ಟಲಿನಾಕಾರದ ಎಲ್‌ಇಡಿ ಹಣತೆ. 24 ಹಣತೆಗಳ ಪೆಟ್ಟಿಗೆಗೆ 360 ರೂಪಾಯಿ ಎಂದರೆ ಒಂದಕ್ಕೆ ಬೀಳುವುದು 15 ರೂಪಾಯಿ. ಸೆಲ್ ಆ ಬೆಲೆಯಲ್ಲೇ ಸೇರಿರುತ್ತದೆ. ಅದೇ ಸೆಲ್ ಮುಗಿದ ಮೇಲೆ ಬಿಡಿಯಾಗಿ ಕೊಳ್ಳಹೋದರೆ ಹೆಸರಾಂತ ಕಂಪನಿಯದಕ್ಕೆ 35 ರೂಪಾಯಿ. ಹಳೆಯ ದೀಪವನ್ನು ಮತ್ತೆ ಉರಿಸುವ ಖರ್ಚು ಹೊಸ ದೀಪದ ಬೆಲೆಯ ಶೇ 233. ಹಬ್ಬ ಮುಗಿದ ವಾರ ಈ ದೀಪಗಳು ಕಸದ ಬುಟ್ಟಿ ಸೇರುವುದಕ್ಕೆ ಈ ಒಂದು ಅನುಪಾತವೇ ಸಾಕು. ಆದರೆ ಕೆಟ್ಟಿರುವುದು ದೀಪವಲ್ಲ, ಅದಕ್ಕೆ ವಿದ್ಯುತ್ ಕೊಡುವ ಮೂಲ. ರಿಪೇರಿಯ ಲೆಕ್ಕವನ್ನು ಅಲ್ಲಿಂದ ಆರಂಭಿಸಿದರೆ ಉತ್ತರ ಬೇರೆಯೇ ಬರುತ್ತದೆ.

ಮುಂದಿನ ಲೆಕ್ಕಗಳಿಗೆಲ್ಲ ಹಿಡಿದಿರುವ ದರಗಳು ಇವು: ಎಎ ಗಾತ್ರದ, ಅಂದರೆ ಪೆನ್ಸಿಲ್ ಸೆಲ್ಲಿನ ಆಲ್ಕಲೈನ್ ಬಗೆ 30 ರೂಪಾಯಿ, ಸಾಮಾನ್ಯ ಸತು-ಇಂಗಾಲದ ಬಗೆ 12 ರೂಪಾಯಿ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ನಿಕೆಲ್ ಸೆಲ್ 200 ರೂಪಾಯಿ, ಅದರ ಚಾರ್ಜರ್ 700 ರೂಪಾಯಿ, ಮನೆಯ ವಿದ್ಯುತ್ ಯೂನಿಟ್‌ಗೆ 6 ರೂಪಾಯಿ. ಬೆಂಗಳೂರಿನ ಎಸ್.ಪಿ. ರಸ್ತೆಯ ದರವೂ ತಾಲ್ಲೂಕು ಕೇಂದ್ರದ ಎಲೆಕ್ಟ್ರಿಕಲ್ ಅಂಗಡಿಯ ದರವೂ ಒಂದೇ ಆಗಿರುವುದಿಲ್ಲ. ಓದುಗರು ತಮ್ಮ ಊರಿನ ದರವನ್ನು ಅದೇ ಜಾಗಕ್ಕೆ ಹಾಕಿ ಗುಣಿಸಿಕೊಳ್ಳಬಹುದು.

ಮೊದಲ ಅಂಕಿ 0.65 ವಾಟ್-ಗಂಟೆ. ಹಣತೆಯೊಳಗಿನ ನಾಣ್ಯದಂಥ ಸೆಲ್ಲಿನ ಮೇಲೆ ಸಿಆರ್2032 ಎಂದು ಅಚ್ಚಾಗಿರುತ್ತದೆ. ವ್ಯಾಸ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್, ತೂಕ ಸುಮಾರು 3 ಗ್ರಾಂ. ವೋಲ್ಟೇಜ್ 3. ಸಾಮರ್ಥ್ಯ ಸುಮಾರು 225 ಮಿಲಿಆಂಪಿಯರ್-ಗಂಟೆ, ಅಂದರೆ 1 ಮಿಲಿಆಂಪಿಯರ್ ವಿದ್ಯುತ್ತನ್ನು 225 ಗಂಟೆ ಕೊಡುವಷ್ಟು. ಎರಡನ್ನೂ ಗುಣಿಸಿ, ಬಳಕೆಯಲ್ಲಿ ವೋಲ್ಟೇಜ್ ತುಸು ಇಳಿಯುವುದನ್ನು ಕಳೆದರೆ ಒಟ್ಟು ಶಕ್ತಿ 0.65 ವಾಟ್-ಗಂಟೆ. ಇದಕ್ಕೆ 35 ರೂಪಾಯಿ ಕೊಟ್ಟರೆ ಒಂದು ಯೂನಿಟ್, ಅಂದರೆ 1,000 ವಾಟ್-ಗಂಟೆಗೆ ಬೀಳುವ ದರ ಸುಮಾರು 54,000 ರೂಪಾಯಿ. ಗೋಡೆಯ ಪ್ಲಗ್ಗಿನಲ್ಲಿ ಅದೇ ಯೂನಿಟ್ 6 ರೂಪಾಯಿ. ಅಂತರ 9,000 ಪಟ್ಟು.

ಆಲ್ಕಲೈನ್ ಪೆನ್ಸಿಲ್ ಸೆಲ್ಲಿಗೆ ಬಂದರೆ ಯೂನಿಟ್ ದರ 10,000 ರೂಪಾಯಿಗೆ ಇಳಿಯುತ್ತದೆ: 2,400 ಮಿಲಿಆಂಪಿಯರ್-ಗಂಟೆ, ಸರಾಸರಿ 1.25 ವೋಲ್ಟ್, ಒಟ್ಟು 3 ವಾಟ್-ಗಂಟೆಗೆ 30 ರೂಪಾಯಿ. ಸತು-ಇಂಗಾಲದ ಸೆಲ್ ನೋಡಲು ಅಗ್ಗ. ಆದರೆ ಅದು ಕೊಡುವುದು ಸುಮಾರು 1 ವಾಟ್-ಗಂಟೆ. ಯೂನಿಟ್‌ಗೆ 12,000 ರೂಪಾಯಿ, ಆಲ್ಕಲೈನ್‌ಗಿಂತ ಶೇ 20 ದುಬಾರಿ. ಚಾರ್ಜ್ ಮಾಡುವ ನಿಕೆಲ್ ಸೆಲ್ ಒಂದು ಬಾರಿಗೆ 2.4 ವಾಟ್-ಗಂಟೆ ಕೊಡುತ್ತದೆ. 300 ಬಾರಿ ಚಾರ್ಜ್ ಆದರೆ ಒಟ್ಟು 0.72 ಯೂನಿಟ್, ಯೂನಿಟ್‌ಗೆ ಸುಮಾರು 280 ರೂಪಾಯಿ. ನಾಲ್ಕು ಸೆಲ್ಲುಗಳಿಗೆ ಚಾರ್ಜರಿನ ಬೆಲೆಯನ್ನು ಹಂಚಿ ಸೇರಿಸಿದರೆ 520 ರೂಪಾಯಿ. ಈ 300 ಬಾರಿ ಎಂಬ ಸಂಖ್ಯೆಯನ್ನು ಮುಟ್ಟಲು ಆಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಮುಂದೆ ಬರುತ್ತೇನೆ.

ಹಣತೆಯ ಪೊಟ್ಟಣದ ಮೇಲೆ 72 ಗಂಟೆ ಉರಿಯುತ್ತದೆ ಎಂದು ಬರೆದಿರುವುದುಂಟು. 225ನ್ನು 72ರಿಂದ ಭಾಗಿಸಿದರೆ ಸರಾಸರಿ ಹರಿವು 3.1 ಮಿಲಿಆಂಪಿಯರ್. ಆದರೆ ಹರಿವು ಎಲ್ಲ ಗಂಟೆಗಳಲ್ಲೂ ಒಂದೇ ಆಗಿರುವುದಿಲ್ಲ. ಹೆಚ್ಚಿನ ಹಣತೆಗಳಲ್ಲಿ ವಿದ್ಯುತ್ತನ್ನು ತಡೆದು ಕೊಡುವ ರೆಸಿಸ್ಟರ್ ಇರುವುದಿಲ್ಲ, ಸೆಲ್ಲಿನ ಒಳಗಿನ ತಡೆಯೇ ಆ ಕೆಲಸ ಮಾಡುತ್ತದೆ. ಆದ್ದರಿಂದ ಹೊಸದರಲ್ಲಿ ಸರಾಸರಿಗಿಂತ ಹೆಚ್ಚು ಹರಿದು ದೀಪ ಪ್ರಖರವಾಗಿರುತ್ತದೆ, ಕೊನೆಯ ಗಂಟೆಗಳಲ್ಲಿ ಮಂಕಾಗುತ್ತದೆ. ಜೊತೆಗೆ, ತಯಾರಕರು ಸೆಲ್ಲಿನ ಸಾಮರ್ಥ್ಯವನ್ನು ಅಳೆಯುವುದು ಸುಮಾರು 0.2 ಮಿಲಿಆಂಪಿಯರ್ ಹರಿವಿನಲ್ಲಿ. ಹಣತೆ ಎಳೆಯುವುದು ಅದರ 15 ಪಟ್ಟು. ಹಾಗೆ ಎಳೆದಾಗ 225ರ ಪೂರ್ಣ ಲೆಕ್ಕ ಕೈಗೆ ಸಿಗುವುದಿಲ್ಲ.

ಗಂಟೆಯ ಲೆಕ್ಕ ಹೀಗೆ ನಿಲ್ಲುತ್ತದೆ. ಬಟ್ಟಲಿನ ಮೇಣದ ಹಣತೆ 5 ರೂಪಾಯಿಗೆ 4 ಗಂಟೆ ಉರಿದರೆ ಗಂಟೆಗೆ 1 ರೂಪಾಯಿ 25 ಪೈಸೆ. ಎಲ್‌ಇಡಿ ಹಣತೆ ತನ್ನ ಮೊದಲ ಸೆಲ್ಲಿನಲ್ಲಿ 72 ಗಂಟೆಗೆ 15 ರೂಪಾಯಿ, ಗಂಟೆಗೆ 21 ಪೈಸೆ. ಸೆಲ್ ಬದಲಿಸಿದ ಮೇಲೆ ಗಂಟೆಗೆ 49 ಪೈಸೆ. ಎರಡನೇ ಸೆಲ್ಲಿನಲ್ಲೂ ಅದು ಮೇಣಕ್ಕಿಂತ ಶೇ 61 ಅಗ್ಗ, ಆದರೆ ಹೊಸ ಎಲ್‌ಇಡಿ ಹಣತೆಗಿಂತ ಎರಡು ಪಟ್ಟಿಗೂ ಹೆಚ್ಚು ದುಬಾರಿ.

ಇನ್ನು ಎಲ್‌ಇಡಿ. ಅದರ ಆಯುಸ್ಸನ್ನು 10,000 ಗಂಟೆ ಎಂದು ಕಡಿಮೆಯಾಗಿಯೇ ಹಿಡಿಯೋಣ. ದೀಪಾವಳಿಗೆ ದಿನಕ್ಕೆ 6 ಗಂಟೆಯಂತೆ 5 ದಿನ ಉರಿಸಿದರೆ ವರ್ಷಕ್ಕೆ 30 ಗಂಟೆ. 10,000 ಗಂಟೆ ತುಂಬಲು 333 ವರ್ಷ ಬೇಕು. ದೇವರ ಮನೆಯಲ್ಲೋ ಊಟದ ಮೇಜಿನ ಮೇಲೋ ನಿತ್ಯ 6 ಗಂಟೆ ಉರಿಯುವ ದೀಪಕ್ಕೆ ವರ್ಷಕ್ಕೆ 2,190 ಗಂಟೆ, ಅಂದರೆ ನಾಲ್ಕೂವರೆ ವರ್ಷ. ದೀಪ ಹತ್ತದಿದ್ದರೆ ಎಲ್‌ಇಡಿಯ ಮೇಲೆ ಅನುಮಾನ ಕೊನೆಗೆ ಬರಬೇಕು. ಬದಲಿಸಬೇಕಾಗಿ ಬಂದರೂ 5 ಮಿಲಿಮೀಟರ್ ಎಲ್‌ಇಡಿಯ ಬೆಲೆ 3 ರೂಪಾಯಿ. ಅದರ ಉದ್ದನೆಯ ಕಾಲು ಧನ ತುದಿ, ಗಿಡ್ಡ ಕಾಲು ಋಣ ತುದಿ. ತಿರುಗಾಮುರುಗಾ ಬೆಸೆದರೆ ಹತ್ತುವುದಿಲ್ಲ.

ಅನುಮಾನ ಮೊದಲು ಸೆಲ್ಲಿನ ಮೇಲಿರಲಿ, ಆಮೇಲೆ ಸೆಲ್ಲನ್ನು ಮುಟ್ಟುವ ಲೋಹದ ಪಟ್ಟಿಯ ಮೇಲೆ. ಹೊಸ ಸಿಆರ್2032 ಮಲ್ಟಿಮೀಟರಿನಲ್ಲಿ 3.2 ವೋಲ್ಟಿನ ಆಸುಪಾಸು ತೋರಿಸುತ್ತದೆ. ಮುಗಿಯುತ್ತ ಬಂದ ಸೆಲ್ ಸಹ ಬರಿಯ ಮೀಟರಿಗೆ 2.9 ತೋರಿಸಿ, ದೀಪ ಜೋಡಿಸಿದ ಕೂಡಲೇ 2.2ಕ್ಕೆ ಕುಸಿಯಬಹುದು. ಆದ್ದರಿಂದ ಅಳೆಯಬೇಕಾದದ್ದು ದೀಪ ಜೋಡಿಸಿಯೇ. ಹಳದಿ ಎಲ್‌ಇಡಿಗೆ ಬೇಕಾದ ವೋಲ್ಟೇಜ್ ಸುಮಾರು 2.1, ಬಿಳಿಯದಕ್ಕೆ 3.0ರಿಂದ 3.2. ಒಂದೇ ಅರೆಬರೆ ಸೆಲ್ಲಿನಲ್ಲಿ ಹಳದಿ ದೀಪ ಹತ್ತಿ ಬಿಳಿಯದು ಹತ್ತದಿರಲು ಈ 1 ವೋಲ್ಟಿನ ಅಂತರ ಕಾರಣ. ಪೆನ್ಸಿಲ್ ಸೆಲ್ ಹೊಸದರಲ್ಲಿ 1.6, ಮುಗಿದಾಗ 1.0 ಅಥವಾ ಅದಕ್ಕೂ ಕಡಿಮೆ. ಎರಡು ಸೆಲ್ಲುಗಳಲ್ಲಿ ಒಂದು 1.5, ಇನ್ನೊಂದು 0.9 ಇದ್ದರೆ ಸಿಗುವುದು 2.4 ವೋಲ್ಟ್. ಹಳದಿ ದೀಪ ಮಂಕಾಗಿಯಾದರೂ ಉರಿಯುತ್ತದೆ, ದುರ್ಬಲ ಸೆಲ್ ಪೂರ್ತಿ ಬರಿದಾಗಿ ಸೋರತೊಡಗುತ್ತದೆ. ಎರಡನ್ನೂ ಒಟ್ಟಿಗೇ ಬದಲಿಸಬೇಕೆಂಬ ಮಾತಿಗೆ ಇದು ಆಧಾರ.

ಸೋರಿಕೆಯ ಪರಿಣಾಮವನ್ನು 0.5 ವೋಲ್ಟ್ ಎಂಬ ಅಂಕಿಯಲ್ಲಿ ನೋಡಬಹುದು. ಸ್ಪ್ರಿಂಗಿನ ಮೇಲೆ ಕೂತ ಬಿಳಿ ಪುಡಿ 50 ಓಮ್ ತಡೆ ಒಡ್ಡಿದರೆ, 10 ಮಿಲಿಆಂಪಿಯರ್ ಹರಿವಿನಲ್ಲಿ ಅಲ್ಲೇ 0.5 ವೋಲ್ಟ್ ನಷ್ಟ. ಎರಡು ಸೆಲ್ಲುಗಳ 3.0 ವೋಲ್ಟಿನಲ್ಲಿ ಹಳದಿ ಎಲ್‌ಇಡಿಯ 2.1 ಕಳೆದರೆ ಉಳಿಯುವುದೇ 0.9. ಅದರಲ್ಲಿ ಶೇ 56ರಷ್ಟನ್ನು ಪುಡಿ ನುಂಗಿದಂತಾಯಿತು. ಆಲ್ಕಲೈನ್ ಸೆಲ್ಲಿನಿಂದ ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ. ಹತ್ತಿಕಡ್ಡಿಗೆ ವಿನೆಗರ್ ಅಥವಾ ನಿಂಬೆರಸ ಹಚ್ಚಿ ಒರೆಸಿದರೆ ಅದು ಕರಗುತ್ತದೆ. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ, ಸ್ಯಾಂಡ್ ಪೇಪರಿನಿಂದ ಲೋಹ ಹೊಳೆಯುವಷ್ಟು ಉಜ್ಜಬೇಕು. ಕೈಗವಸು ಇರಲಿ, ಕಣ್ಣಿಗೆ ತಾಗದಿರಲಿ. ಖರ್ಚು 2 ರೂಪಾಯಿ ಮೀರದು. ಸ್ಪ್ರಿಂಗ್ ತುಕ್ಕು ಹಿಡಿದು ತುಂಡಾಗಿದ್ದರೆ ಹೊಸದಕ್ಕೆ 5 ರೂಪಾಯಿ, ಜಾರುವ ಸ್ವಿಚ್ಚಿಗೆ 10, ವೈರಿಗೆ 2, ಎಲ್‌ಇಡಿಗೆ 3. ಎಲ್ಲವನ್ನೂ ಬದಲಿಸಿದರೂ 20 ರೂಪಾಯಿ.

ಈ 20 ರೂಪಾಯಿಯನ್ನು ಯಾವ ದೀಪಕ್ಕೆ ಹೋಲಿಸುತ್ತೇವೆ ಎಂಬುದರ ಮೇಲೆ ತೀರ್ಮಾನ ನಿಂತಿದೆ. 15 ರೂಪಾಯಿಯ ಹಣತೆಗೆ ಅದು ಶೇ 133. ಮೇಣದ ಹೊದಿಕೆಯ, ಟೈಮರ್ ಇರುವ, ಎರಡು ಪೆನ್ಸಿಲ್ ಸೆಲ್ಲಿನಿಂದ ಉರಿಯುವ, ಕಂಬದಾಕಾರದ 300 ರೂಪಾಯಿಯ ಮೇಣದಬತ್ತಿಗೆ ಶೇ 6.7. ರಿಪೇರಿಯವರಿಗೆ 50 ರೂಪಾಯಿ ಕೂಲಿ ಕೊಟ್ಟರೂ ಶೇ 23. ಕಂಬದ ಬತ್ತಿಯನ್ನು ಬಿಸಾಡುವುದಕ್ಕೆ ಅಂಕಿಗಳಲ್ಲಿ ಸಮರ್ಥನೆ ಇಲ್ಲ.

ಕಂಬದ ಬತ್ತಿಯ ನಿಜವಾದ ಖರ್ಚು ಅದನ್ನು ಕೊಂಡ ಮೇಲೆ ಶುರುವಾಗುತ್ತದೆ. ಟೈಮರ್ ಸಾಮಾನ್ಯವಾಗಿ 6 ಗಂಟೆ ಉರಿಸಿ 18 ಗಂಟೆ ಆರಿಸುತ್ತದೆ. ಹರಿವು 15 ಮಿಲಿಆಂಪಿಯರ್ ಎಂದಾದರೆ ದಿನಕ್ಕೆ 90 ಮಿಲಿಆಂಪಿಯರ್-ಗಂಟೆ. ಆಲ್ಕಲೈನ್ ಜೋಡಿ 27 ದಿನಕ್ಕೆ ಮುಗಿಯುತ್ತದೆ. ವರ್ಷಕ್ಕೆ ಸುಮಾರು 27 ಸೆಲ್, 820 ರೂಪಾಯಿ. ಅಂದರೆ ಬತ್ತಿಯ ಬೆಲೆಯ ಶೇ 273 ಒಂದೇ ವರ್ಷದಲ್ಲಿ ಸೆಲ್ಲಿಗೆ ಹೋಗುತ್ತದೆ. ಸತು-ಇಂಗಾಲದ ಜೋಡಿ 10 ದಿನ ಬರುತ್ತದೆ. ವರ್ಷಕ್ಕೆ 73 ಸೆಲ್, 876 ರೂಪಾಯಿ. ಹಣದಲ್ಲಿ ಶೇ 7 ಹೆಚ್ಚು, ಕಸದಲ್ಲಿ ಶೇ 170 ಹೆಚ್ಚು. ಅಂಗಡಿಯಲ್ಲಿ 12 ರೂಪಾಯಿ ಎಂದು ಕೇಳಿ ಕೈ ಹಾಕುವ ಮುನ್ನ ಈ 73 ನೆನಪಿಗೆ ಬರಬೇಕು.

ಚಾರ್ಜ್ ಮಾಡುವ ಸೆಲ್ಲಿನ ಲೆಕ್ಕ ಇಲ್ಲಿ ಗೆಲ್ಲುತ್ತದೆ. ಎರಡು ದೀಪದಲ್ಲಿ, ಎರಡು ಚಾರ್ಜರಿನಲ್ಲಿ ಎಂದು ನಾಲ್ಕು ಸೆಲ್ಲಿಗೆ 800, ಚಾರ್ಜರಿಗೆ 700, ಒಟ್ಟು 1,500 ರೂಪಾಯಿ. 2,000 ಮಿಲಿಆಂಪಿಯರ್-ಗಂಟೆಯ ಜೋಡಿ 22 ದಿನ ಬರುತ್ತದೆ, ವರ್ಷಕ್ಕೆ 16 ಬಾರಿ ಚಾರ್ಜ್. ಚಾರ್ಜರಿನ ನಷ್ಟ ಸೇರಿಸಿದರೂ ವರ್ಷದ ವಿದ್ಯುತ್ 0.12 ಯೂನಿಟ್, ಅಂದರೆ 72 ಪೈಸೆ. ಆಲ್ಕಲೈನ್‌ನ 820 ರೂಪಾಯಿಗೆ ಹೋಲಿಸಿದರೆ ಹಾಕಿದ ಹಣ 22 ತಿಂಗಳಲ್ಲಿ ಹಿಂದಿರುಗುತ್ತದೆ. ಒಂದೊಂದು ಜೋಡಿ ವರ್ಷಕ್ಕೆ 8 ಬಾರಿ ಮಾತ್ರ ಚಾರ್ಜ್ ಆಗುವುದರಿಂದ 300 ಬಾರಿ ತುಂಬಲು 37 ವರ್ಷ ಬೇಕಾದೀತು. ಅದಕ್ಕೆ ಎಷ್ಟೋ ಮೊದಲೇ ಸೆಲ್ ವಯಸ್ಸಾಗಿ ಸೋಲುತ್ತದೆ. ಬಾಳಿಕೆ ಐದೇ ವರ್ಷ ಎಂದುಕೊಂಡರೂ ಒಟ್ಟು ಖರ್ಚು 1,504 ರೂಪಾಯಿ, ಆಲ್ಕಲೈನ್‌ದು 4,100. ಉಳಿತಾಯ ಶೇ 63. ಇದೇ ಸೆಲ್ಲುಗಳನ್ನು ವರ್ಷಕ್ಕೆ 30 ಗಂಟೆ ಉರಿಯುವ ಹಬ್ಬದ ದೀಪಕ್ಕಾಗಿಯೇ ಕೊಂಡರೆ ಲೆಕ್ಕ ತಲೆಕೆಳಗಾಗುತ್ತದೆ. ಆಗ ವರ್ಷಕ್ಕೆ ಒಮ್ಮೆಯೂ ಪೂರ್ತಿ ಬರಿದಾಗದೆ ಅವು ಮುದಿಯಾಗುತ್ತವೆ. ಗೋಡೆ ಗಡಿಯಾರಕ್ಕೂ ಮಕ್ಕಳ ಆಟಿಕೆಗೂ ಅವನ್ನೇ ಬಳಸುವ ಮನೆಯಲ್ಲಿ ಮಾತ್ರ ಆ ಖರ್ಚು ಸಲ್ಲುತ್ತದೆ.

ಇಲ್ಲಿ ಒಂದು ತಾಂತ್ರಿಕ ತೊಡಕಿದೆ: 2.4 ವೋಲ್ಟ್. ಚಾರ್ಜ್ ಮಾಡುವ ಸೆಲ್ ತಲಾ 1.2 ವೋಲ್ಟ್ ಕೊಡುವುದರಿಂದ ಎರಡಕ್ಕೆ 2.4, ಆಲ್ಕಲೈನ್ ಜೋಡಿಗಿಂತ ಶೇ 20 ಕಡಿಮೆ. ಹಳದಿ ಎಲ್‌ಇಡಿ ನೇರವಾಗಿ ಜೋಡಿಸಿರುವ ಬತ್ತಿಯಲ್ಲಿ 100 ಓಮ್ ರೆಸಿಸ್ಟರ್ ಇದ್ದರೆ ಹರಿವು 9 ಮಿಲಿಆಂಪಿಯರಿನಿಂದ 3ಕ್ಕೆ ಇಳಿಯುತ್ತದೆ. ಅದರ ಜಾಗಕ್ಕೆ 1 ರೂಪಾಯಿಯ 33 ಓಮ್ ರೆಸಿಸ್ಟರ್ ಬೆಸೆದರೆ ಮತ್ತೆ 9 ಆಗುತ್ತದೆ. ಹೀಗೆ ಬದಲಿಸಿದ ಬತ್ತಿಗೆ ಮುಂದೆ ಆಲ್ಕಲೈನ್ ಸೆಲ್ ಹಾಕಬಾರದು. ಹರಿವು 27 ಮಿಲಿಆಂಪಿಯರಿಗೆ ಏರುತ್ತದೆ, 5 ಮಿಲಿಮೀಟರ್ ಎಲ್‌ಇಡಿಗೆ ಸಾಮಾನ್ಯ ಮಿತಿ 20. ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಇಲ್ಲದ ಬಿಳಿ ಎಲ್‌ಇಡಿಯ ಬತ್ತಿ 2.4 ವೋಲ್ಟಿನಲ್ಲಿ ಹತ್ತುವುದೇ ಇಲ್ಲ. ಹಣ ಹಾಕುವ ಮುನ್ನ ಪರಿಚಯದವರಿಂದ ಎರಡು ಚಾರ್ಜ್ ಸೆಲ್ ತಂದು ಹಾಕಿ ನೋಡುವುದು ಕ್ಷೇಮ.

ಮತ್ತೆ 15 ರೂಪಾಯಿಯ ಹಣತೆಗೆ ಬರೋಣ. 24ಕ್ಕೂ ಹೊಸ ಸೆಲ್ ಹಾಕಿದರೆ 840 ರೂಪಾಯಿ, ಹೊಸ ಪೆಟ್ಟಿಗೆಗೆ 360. ಮೂರನೇ ದಾರಿಯೊಂದಿದೆ: ಸೆಲ್ಲನ್ನೇ ತೆಗೆದು, ಹಳೆಯ ಮೊಬೈಲ್ ಚಾರ್ಜರಿನ 5 ವೋಲ್ಟಿಗೆ ಎಲ್ಲವನ್ನೂ ಒಂದೇ ವೈರಿನಲ್ಲಿ ಜೋಡಿಸುವುದು. 5ರಲ್ಲಿ 2.1 ಕಳೆದು ಉಳಿದ 2.9 ವೋಲ್ಟಿಗೆ 330 ಓಮ್ ರೆಸಿಸ್ಟರ್ ಹಾಕಿದರೆ ಹರಿವು 8.8 ಮಿಲಿಆಂಪಿಯರ್. ಪ್ರತಿ ಎಲ್‌ಇಡಿಗೂ ಪ್ರತ್ಯೇಕ ರೆಸಿಸ್ಟರ್ ಇರಬೇಕು, ಇಲ್ಲವಾದರೆ ವಿದ್ಯುತ್ ಸಮನಾಗಿ ಹಂಚಿಕೆಯಾಗದು. 24ಕ್ಕೆ ಒಟ್ಟು 211 ಮಿಲಿಆಂಪಿಯರ್, 1 ಆಂಪಿಯರ್ ಚಾರ್ಜರಿನ ಶಕ್ತಿಯ ಶೇ 21. ಬೆಳಕು ಹೆಚ್ಚೆನಿಸಿದರೆ 680 ಓಮ್ ಹಾಕಿ ಹರಿವನ್ನು 4.3ಕ್ಕೆ ಇಳಿಸಬಹುದು. ಮಿನುಗುವ ಎಲ್‌ಇಡಿಯೊಳಗೆ ಚಿಪ್ ಇರುವುದರಿಂದ ಈ ಲೆಕ್ಕ ಅದಕ್ಕೆ ನೇರವಾಗಿ ಒಪ್ಪುವುದಿಲ್ಲ. ಒಂದನ್ನು ಜೋಡಿಸಿ ನೋಡಿದ ಮೇಲೆಯೇ ಉಳಿದ 23ಕ್ಕೆ ಕೈ ಹಾಕಬೇಕು.

ವೈರು, ರೆಸಿಸ್ಟರ್, ಬೆಸುಗೆ ತಂತಿ, ಟೇಪು ಎಲ್ಲ ಸೇರಿ 180 ರೂಪಾಯಿ ಎಂದಿರಲಿ. ಗೋಡೆಯಿಂದ ಎಳೆಯುವುದು ಚಾರ್ಜರಿನ ನಷ್ಟ ಸೇರಿ 1.5 ವಾಟ್. 30 ಗಂಟೆಗೆ 0.045 ಯೂನಿಟ್, ಇಡೀ ದೀಪಾವಳಿಗೆ 27 ಪೈಸೆ. ಆರು ವರ್ಷಗಳ ಲೆಕ್ಕ ಹಾಕಿದಾಗ ಎರಡು ವರ್ಷಕ್ಕೊಮ್ಮೆ ಸೆಲ್ ಬದಲಿಸುವವರಿಗೆ ಆಗುವ ಖರ್ಚು 2,040 ರೂಪಾಯಿ, ಎರಡು ವರ್ಷಕ್ಕೊಮ್ಮೆ ಹೊಸ ಪೆಟ್ಟಿಗೆ ಕೊಳ್ಳುವವರಿಗೆ 1,080, ಮೂರನೇ ವರ್ಷ ವೈರಿಗೆ ಬದಲಾಯಿಸುವವರಿಗೆ 541. ಮನೆಯಲ್ಲಿ ಬೆಸುಗೆ ಕಡ್ಡಿ ಇಲ್ಲದೆ 250 ರೂಪಾಯಿ ಕೊಟ್ಟು ತಂದರೆ 791. ಎರಡು ಗಂಟೆಯ ಕೆಲಸಕ್ಕೆ ಗಂಟೆಗೆ 100ರಂತೆ ಕೂಲಿ ಹಿಡಿದರೆ 991. ಆಗ ಉಳಿಯುವುದು 89 ರೂಪಾಯಿ, ಶೇ 8. ಬೆಸುಗೆ ಬಲ್ಲವರಿಗೆ ಇದು ಲಾಭದ ಕೆಲಸ. ಇದಕ್ಕಾಗಿಯೇ ಕಲಿಯುವವರಿಗೆ ಹಣದ ಲಾಭ ಅಲ್ಪ. ಹೊಸ್ತಿಲು, ಮೆಟ್ಟಿಲು, ನೀರು ತುಂಬಿದ ಉರುಳಿ, ಇವುಗಳಿಗೆ ವೈರಿನ ದೀಪ ಹೊಂದುವುದೂ ಇಲ್ಲ.

ಹಣತೆಯ ಆಯುಸ್ಸನ್ನು ಖರ್ಚಿಲ್ಲದೆ ಹೆಚ್ಚಿಸುವ ಉಪಾಯ ಒಂದು ತುಂಡು ಕಾಗದ. 72 ಗಂಟೆ ಎಂದರೆ ಮೂರು ದಿನ. ಪೆಟ್ಟಿಗೆಯಲ್ಲಿ ಎತ್ತಿಡುವಾಗ ಸ್ವಿಚ್ಚು ಜಾರಿ ಹತ್ತಿಕೊಂಡರೆ ಮೂರು ದಿನದಲ್ಲಿ ಸೆಲ್ ಖಾಲಿ, ಮುಂದಿನ ದೀಪಾವಳಿಗೆ ಇನ್ನೂ ಹೆಚ್ಚುಕಡಿಮೆ ಒಂದು ವರ್ಷ ಬಾಕಿ. ಲಿಥಿಯಂ ಸೆಲ್ ಬಳಸದೆ ಇಟ್ಟರೆ ವರ್ಷಕ್ಕೆ ಕಳೆದುಕೊಳ್ಳುವುದು ಸುಮಾರು ಶೇ 1. 30 ಗಂಟೆ ಉರಿಸಿ, ಸೆಲ್ಲಿಗೂ ಪಟ್ಟಿಗೂ ನಡುವೆ ಕಾಗದ ಸಿಕ್ಕಿಸಿ ಎತ್ತಿಟ್ಟರೆ ಎರಡನೇ ಹಬ್ಬದ 30 ಗಂಟೆಗೂ ಅದೇ ಸೆಲ್ ಬರುತ್ತದೆ. ಮೇಲಿನ ಎರಡು ವರ್ಷದ ಲೆಕ್ಕ ನಿಂತಿರುವುದು ಈ ಕಾಗದದ ಮೇಲೆ. ಕಂಬದ ಬತ್ತಿಯಾದರೆ ಸೆಲ್ಲುಗಳನ್ನೇ ಹೊರತೆಗೆದಿಡಬೇಕು, ಅವು ಸೋರುವ ಬಗೆಯವು.

ರಿಪೇರಿಗೆ ಕೂತವರು ಮರೆಯಬಾರದ ಅಂಕಿ 2 ಗಂಟೆ. 20 ಮಿಲಿಮೀಟರ್ ವ್ಯಾಸದ ಲಿಥಿಯಂ ಸೆಲ್ಲನ್ನು ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೆ ತೀವ್ರ ಸುಟ್ಟ ಗಾಯವಾಗಬಹುದು. ದೀಪ ಉರಿಸಲಾರದ ಸೆಲ್ಲಿನಲ್ಲೂ ಅದಕ್ಕೆ ಸಾಕಾಗುವಷ್ಟು ವೋಲ್ಟೇಜ್ ಉಳಿದಿರುತ್ತದೆ. ನುಂಗಿದ ಅನುಮಾನ ಬಂದ ಕೂಡಲೇ ಆಸ್ಪತ್ರೆಗೆ ಹೊರಡಬೇಕು, ವಾಂತಿ ಮಾಡಿಸಬಾರದು. ಒಂದು ವರ್ಷ ದಾಟಿದ, ನುಂಗಬಲ್ಲ ಸ್ಥಿತಿಯಲ್ಲಿರುವ ಮಗುವಿಗೆ ದಾರಿಯಲ್ಲಿ 10 ನಿಮಿಷಕ್ಕೊಮ್ಮೆ 10 ಮಿಲಿಲೀಟರ್ ಜೇನುತುಪ್ಪ, ಹೆಚ್ಚೆಂದರೆ 6 ಬಾರಿ ಕೊಡಬಹುದೆಂಬುದು ಅಮೆರಿಕದ ನ್ಯಾಷನಲ್ ಕ್ಯಾಪಿಟಲ್ ಪಾಯ್ಸನ್ ಸೆಂಟರಿನ ಸೂಚನೆ. ಜೇನು ಹುಡುಕುತ್ತ ಪ್ರಯಾಣ ತಡಮಾಡಬಾರದು. ಆ ದೇಶ 2022ರಲ್ಲಿ ಬಟನ್ ಸೆಲ್ ಬಳಸುವ ವಸ್ತುಗಳ ಮುಚ್ಚಳ ಸುಲಭವಾಗಿ ತೆರೆಯದಂತಿರಬೇಕೆಂದು ಕಾನೂನು ಮಾಡಿತು. ನಮ್ಮ ಮನೆಯ ಹಣತೆಯ ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ 1 ರೂಪಾಯಿಯ ಸ್ಕ್ರೂ ಹಾಕಬೇಕು, ಅದೂ ಆಗದಿದ್ದರೆ ಟೇಪು ಸುತ್ತಬೇಕು. ಮಗುವಿರುವ ಮನೆಯಲ್ಲಿ ಇದು ಮೊದಲ ರಿಪೇರಿ.

ಮುಗಿದ ಸೆಲ್ಲಿನ ಎರಡೂ ಮುಖಗಳಿಗೆ ಟೇಪು ಅಂಟಿಸಿ ಬೇರೆಯಾಗಿ ಕೊಡಬೇಕು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಬ್ಯಾಟರಿಯನ್ನು ಮನೆಯ ಅಪಾಯಕಾರಿ ತ್ಯಾಜ್ಯವೆಂದು ಗುರುತಿಸಿದವು. 2001ರ ಬ್ಯಾಟರಿ ನಿಯಮಗಳು ಸೀಸದ ಬ್ಯಾಟರಿಗೆ ಸೀಮಿತವಾಗಿದ್ದವು, 2022ರ ನಿಯಮಗಳು ಎಲ್ಲ ಬಗೆಯವನ್ನೂ ಒಳಗೊಂಡವು. ಚಿಕ್ಕ ಬ್ಯಾಟರಿಯ ಒಣ ತೂಕದಲ್ಲಿ ಮರುಪಡೆಯಬೇಕಾದ ವಸ್ತುವಿನ ಕನಿಷ್ಠ ಪ್ರಮಾಣ 2024-25ಕ್ಕೆ ಶೇ 70, 2025-26ಕ್ಕೆ ಶೇ 80, 2026-27ರಿಂದ ಶೇ 90. ಈ ಶೇಕಡಾವಾರು ಅನ್ವಯಿಸುವುದು ಸಂಸ್ಕರಣಾ ಘಟಕ ತಲುಪಿದ ಸೆಲ್ಲಿಗೆ ಮಾತ್ರ. ತಿಪ್ಪೆಗೆ ಹೋದ ಸೆಲ್ಲಿನಿಂದ ಮರಳುವುದು ಸೊನ್ನೆ.

2011ರ ಜನಗಣತಿಯಲ್ಲಿ ಕರ್ನಾಟಕದ ಕುಟುಂಬಗಳು ಸುಮಾರು 1.3 ಕೋಟಿ. ಹತ್ತರಲ್ಲಿ ಒಂದು ಮನೆ ಹಬ್ಬಕ್ಕೆ 12 ಹಣತೆ ಕೊಂಡು ಅದೇ ವರ್ಷ ಎಸೆಯುತ್ತದೆ ಎಂದು ಊಹಿಸಿದರೆ 1.56 ಕೋಟಿ ಸೆಲ್, ತಲಾ 3 ಗ್ರಾಮಿನಂತೆ 46.8 ಟನ್. ಇದು ಸಮೀಕ್ಷೆಯ ಅಂಕಿಯಲ್ಲ, ಪ್ರಮಾಣ ಅರಿಯಲು ಮಾಡಿದ ಗುಣಾಕಾರ. ಎಲ್ಲವೂ ಸಂಸ್ಕರಣೆಗೆ ಹೋದರೆ ಶೇ 70ರ ಗುರಿಯಲ್ಲಿ 32.8 ಟನ್, ಶೇ 80ರಲ್ಲಿ 37.4, ಶೇ 90ರಲ್ಲಿ 42.1 ಟನ್ ವಸ್ತು ಮರಳುತ್ತದೆ. ಅದೇ 13 ಲಕ್ಷ ಮನೆಗಳು ಕಾಗದದ ತುಂಡು ಸಿಕ್ಕಿಸಿಟ್ಟು ಒಂದೇ ಸೆಲ್ಲಿನಲ್ಲಿ ಎರಡು ದೀಪಾವಳಿ ಕಳೆದರೆ ವರ್ಷದ ಕಸ 23.4 ಟನ್ನಿಗೆ ಇಳಿಯುತ್ತದೆ, ಮನೆಯೊಂದಕ್ಕೆ ವರ್ಷಕ್ಕೆ 90 ರೂಪಾಯಿ ಉಳಿಯುತ್ತದೆ.